ತಿರುಗಿಸುವ ಕೈ

ಹನ್ನೆರಡು ವರ್ಷ ನಾನು ನಮ್ಮ ಕುದುರೆ ಫಿಡ್ಲರ್‌ನ ಹಿಂದೆ ಗಾಡಿಯಲ್ಲಿ ಕೂತು ದಿನಕ್ಕೆ ಐದು ಮೈಲಿ ಹೋಗಿದ್ದೇನೆ. ಅಷ್ಟೂ ಉಲ್ಟಾ ದಿಕ್ಕಿನಲ್ಲಿ. ಒಮ್ಮೆ ಕೆಲಸವಿಲ್ಲದೆ ಕೂತಿದ್ದಾಗ ಲೆಕ್ಕ ಹಾಕಿದೆ, ಭೂಮಿಗೇ ಮುಕ್ಕಾಲು ಸುತ್ತು ಬಂದಷ್ಟಾಗುತ್ತದೆ. ಅಷ್ಟು ದೂರ ಹೋದವಳು ಒಂದೇ ಒಂದು ಸಲವೂ ಅವನನ್ನು ಸರಿ ದಿಕ್ಕಿಗೆ ತಿರುಗಿಸಿ ಓಡಿಸಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೆ ನನ್ನ ತಮ್ಮ ಉಲ್ರಿಕ್‌ನನ್ನೇ ಕೇಳಿ. ಅದಕ್ಕೆ ಅವನೇ ಕಾರಣ.

ಗಾಡಿ ಓಟದ ಕುದುರೆ ಸಾಕುವವರು ದಿನದ ಸಾಧಾರಣ ಓಡಾಟವನ್ನೆಲ್ಲ ಟ್ರ್ಯಾಕಿನಲ್ಲಿ ಉಲ್ಟಾ ಮಾಡಿಸುತ್ತಾರೆ, ಗಡಿಯಾರದ ಮುಳ್ಳು ಹೋಗುವ ಕಡೆಗೆ. ಜೋರಾಗಿ ಓಡಬೇಕಾದಾಗ ಮಾತ್ರ ಎಡಕ್ಕೆ ತಿರುಗಿಸಿ ಸರಿ ದಿಕ್ಕಿಗೆ ಬಿಡುತ್ತಾರೆ. ಓಟ ಮುಗಿದ ಮೇಲೆ ಬಲಕ್ಕೆ ತಿರುಗಿಸಿ, ಮತ್ತೆ ಉಲ್ಟಾ ಬಂದು ಜನರ ಮುಂದೆ ನಿಲ್ಲಿಸುತ್ತಾರೆ. ಬೇರೆ ಕುದುರೆಗಳಿಗೆ ಇದು ಬರೀ ಅಭ್ಯಾಸ. ಫಿಡ್ಲರ್‌ಗೆ ಇದು ದೇವರು ಹಾಕಿದ ಕಟ್ಟಳೆ. ಉಲ್ಟಾ ಹೋಗುವಾಗ ಅವನು ಹಾಲು ಕರೆದಾದ ಮೇಲಿನ ಹಸುವಿನಂತಿರುತ್ತಿದ್ದ. ಕಿವಿ ಜೋಲು ಬಿಟ್ಟುಕೊಂಡು, ಬೇಲಿಯಾಚೆ ಯಾರ ಮನೆಯಲ್ಲಿ ಬಟ್ಟೆ ಒಣಗಿದೆ ಎಂದು ನೋಡುತ್ತ ಹೋಗುತ್ತಿದ್ದ. ಎಡಕ್ಕೆ ತಿರುಗಿಸಿದ ಕೂಡಲೇ ಆ ಹಸು ಮಾಯವಾಗುತ್ತಿತ್ತು.

"ತಿರುಗ್ಸೋ ಕೈ ಒಂದೇ ಇರ್ಬೇಕು, ಇಲ್ದಿದ್ರೆ ಕುದುರೆಗೆ ತಲೆ ಕೆಡುತ್ತೆ" ಎನ್ನುತ್ತಿದ್ದರು ನಮ್ಮಪ್ಪ. ಸಾಯುವ ಮುಂಚೆ ಆ ಕೈಯನ್ನು ಉಲ್ರಿಕ್‌ಗೆ ಕೊಟ್ಟು ಹೋದರು. ನನಗೆ ಉಲ್ಟಾ ಓಡಾಟ, ಸ್ನಾನ, ಮೇವು, ಲದ್ದಿ. ನಾನು ದೊಡ್ಡವಳು, ಅವನಿಗಿಂತ ಮೂರು ವರ್ಷ. ಆದರೂ ಹೀಗೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ನಾವಿರುವುದು ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಪಶ್ಚಿಮದ ತುದಿಯಲ್ಲಿ, ನೇಲ್ ಪಾಂಡ್ ಎಂಬ ಊರಿನಲ್ಲಿ. ಇಲ್ಲಿ ಮೇ, ಜೂನ್ ಎರಡು ತಿಂಗಳು ಲಾಬ್‌ಸ್ಟರ್ ಎಂಬ ದೊಡ್ಡ ಕಡಲ ಸೀಗಡಿ ಹಿಡಿಯುತ್ತೇವೆ, ಉಳಿದ ಹತ್ತು ತಿಂಗಳು ಕುದುರೆಯ ಮಾತಾಡುತ್ತೇವೆ. ಫಿಡ್ಲರ್ ಹುಟ್ಟಿದ್ದೂ ನಮ್ಮ ಲಾಯದಲ್ಲೇ. ಉದ್ದ ಮೂತಿ, ಮೊಣಕಾಲು ಒಳಗೆ ಬಾಗಿದ್ದ ಮರಿ. ನೋಡಲು ಬಂದವರೆಲ್ಲ ಚಹಾ ಕುಡಿದು ಬೇರೆ ಮಾತಾಡಿ ಹೋದರು. ಎರಡನೇ ವಯಸ್ಸಿನಲ್ಲಿ ಎರಡು ಗಾಡಿ ಒದ್ದು ಮುರಿದ. ಒಂದೇ ಬದಿಯ ಎರಡು ಕಾಲು ಜೊತೆಯಾಗಿ ಎತ್ತಿಡುವ ನಡೆ ಅವನಿಗೆ ಒಗ್ಗಲೇ ಇಲ್ಲ. ನಾಲ್ಕು ಹೆಜ್ಜೆಗೊಮ್ಮೆ ನೆಗೆದು ನಾಗಾಲೋಟಕ್ಕೆ ಬೀಳುತ್ತಿದ್ದ. ಗಾಡಿ ಓಟದಲ್ಲಿ ನಾಗಾಲೋಟಕ್ಕೆ ಬಿದ್ದ ಕುದುರೆಯನ್ನು ಹಿಂದಕ್ಕೆಳೆಯಲೇಬೇಕು, ಅಷ್ಟರಲ್ಲಿ ಉಳಿದವರು ಮುಂದೆ ಹೋಗಿರುತ್ತಾರೆ. ಆ ವರ್ಷ ಎಂಟು ಓಟ, ಎಂಟರಲ್ಲೂ ಕೊನೆ.

ಆ ಚಳಿಗಾಲವಿಡೀ ನಾನು ಅವನನ್ನು ಉಲ್ಟಾ ಓಡಿಸಿದೆ. ಅವಸರವಿಲ್ಲದೆ, ಅವನ ಹೆಜ್ಜೆಗೆ ಸರಿಯಾಗಿ ನಾಲಿಗೆಯಲ್ಲಿ ಟಕ್ಕು ಟಕ್ಕು ಎನ್ನುತ್ತ. ಮೇ ತಿಂಗಳಿಗೆ ನಡೆ ಕೂತಿತು. ಜೂನ್‌ನಲ್ಲಿ ಸುರಿಯುವ ಮಳೆಯಲ್ಲಿ, ಮೂರನೇ ವಯಸ್ಸಿಗೆ, ಮೊದಲ ಗೆಲುವು. ಆ ಸಂಜೆ ಉಲ್ರಿಕ್ ಮೀನುಬಲೆಯ ತೇಲುಗುಂಡಿಗೆ ಬಳಿಯುವ ಬಿಳಿ ಬಣ್ಣ ತಂದು ಲಾಯದ ಬಾಗಿಲ ಮೇಲೆ ಒಂದು ಗೀಟು ಎಳೆದ.

"ಒಂದಕ್ಕೇ ಇಷ್ಟು ಉದ್ದ ಎಳೆದ್ರೆ ಬಾಗ್ಲು ಸಾಲುತ್ತೇನೋ?" ಎಂದೆ.

"ಸಾಲ್ದಿದ್ರೆ ಗೋಡೆ ಇದೆ" ಎಂದ.

ಬಾಯಿ ಮುಹೂರ್ತ ನೋಡಿ! ಐದನೇ ವಯಸ್ಸಿನಲ್ಲಿ ಸಾಲಾಗಿ ಹನ್ನೊಂದು ಗೆದ್ದ. ಆರನೇ ವಯಸ್ಸಿನಲ್ಲಿ, ಆಗಸ್ಟ್‌ನ ದೊಡ್ಡ ಕಪ್ ಪಂದ್ಯದಲ್ಲಿ, ಕಡಲ ಸೇತುವೆ ದಾಟಿ ದ್ವೀಪದ ಹೊರಗಿನಿಂದ ಬಂದಿದ್ದ ಏಳು ಕುದುರೆಗಳ ಹಿಂದೆ ಸಿಕ್ಕಿಕೊಂಡು, ಕೊನೆಯ ತಿರುವಿನಲ್ಲಿ ಹೊರಬದಿಯಿಂದ ಒಂದೊಂದಾಗಿ ಹಿಂದಿಕ್ಕುತ್ತ ಬಂದ. ನಾನು ಬೇಲಿಯ ಮೇಲೆ ಹತ್ತಿ ಕಿರುಚುತ್ತಿದ್ದೆ. ಪಕ್ಕದಲ್ಲಿದ್ದ ಪಾದ್ರಿಗಳು ನನಗಿಂತ ಜೋರಾಗಿ ಕಿರುಚುತ್ತಿದ್ದರು. ಗೆದ್ದ. ಮೂತಿ ಉದ್ದವಿದ್ದದ್ದು ಅವತ್ತು ಕೆಲಸಕ್ಕೆ ಬಂತು, ನೋಡಿ. ಮರುದಿನ ಅವನನ್ನು ಲಾರಿಯಲ್ಲಿ ನಿಲ್ಲಿಸಿಕೊಂಡು ಊರೂರು ಮೆರವಣಿಗೆ. ಲಾಬ್‌ಸ್ಟರ್ ದೋಣಿಗಳೆಲ್ಲ ಬಂದರಿನಿಂದ ಹಾರ್ನ್ ಊದಿದವು. ಮೆರವಣಿಗೆಯಲ್ಲಿ ಉಲ್ರಿಕ್ ಮುಂದೆ ಕೂತಿದ್ದ, ನಾನು ಹಿಂದೆ ಸನಿಕೆ ಹಿಡಿದು ನಿಂತಿದ್ದೆ.

ಒಂಬತ್ತನೇ ವಯಸ್ಸಿನಲ್ಲಿ ಮುಂಗಾಲಿನ ನರ ಊದಿಕೊಂಡಿತು. ಡಾಕ್ಟರು ಇನ್ನು ಓಡಲಾರ ಎಂದು ತಲೆಯಾಡಿಸಿ ಹೋದರು. ನಾನು ನಾಲ್ಕು ತಿಂಗಳು ದಿನಾ ಅವನನ್ನು ಕಡಲಿಗೆ ಇಳಿಸಿದೆ, ತಣ್ಣನೆಯ ಉಪ್ಪುನೀರಿನಲ್ಲಿ ಒಂದು ಗಂಟೆ. ಅವನಿಗೆ ಎದೆಮಟ್ಟ ನೀರು, ನನಗೆ ಸೊಂಟದ ಮೇಲಕ್ಕೆ. ಹಲ್ಲು ಕಟಕಟಿಸುತ್ತ ನಾನು ಅವನಿಗೆ ಇಡೀ ಊರಿನ ಸುದ್ದಿ ಹೇಳುತ್ತಿದ್ದೆ. ಬೇಸಿಗೆ ಕಳೆಯುವಷ್ಟರಲ್ಲಿ ಊತ ಇಳಿಯಿತು, ಸೆಪ್ಟೆಂಬರಿನಲ್ಲಿ ಗೆದ್ದ. ನನಗೆ ಸಂಧಿವಾತ ಉಳಿಯಿತು.

ತೊಂಬತ್ತನೇ ಗೀಟು ಬಿದ್ದ ದಿನ, ಅವನಿಗೆ ಹದಿಮೂರು. ಊಟಕ್ಕೆ ಕೂತಾಗ ನಾನು ಬಾಯಿ ಬಿಟ್ಟೆ.

"ಉಲ್ರಿಕ್, ಒಂದ್ಸಲ ನಾನು ಓಡಿಸ್ತೀನಿ ಕಣೋ. ನಿಜವಾದ ಓಟದಲ್ಲಿ."

"ನಿಂಗೆ ಲೈಸೆನ್ಸ್ ಎಲ್ಲಿದೆ?"

"ತಗೊಂಡ್ರೆ?"

ಅವನು ಆಲೂಗಡ್ಡೆ ಪೈ ಬಾಯಿಗಿಟ್ಟುಕೊಂಡು ಯೋಚಿಸಿದ. ಐವತ್ತೊಂಬತ್ತರ ಹೆಂಗಸು ಲೈಸೆನ್ಸ್ ತಗೊಳ್ಳುವುದುಂಟೇ ಎಂಬ ಧೈರ್ಯ ಮುಖದಲ್ಲಿ ಕಾಣುತ್ತಿತ್ತು. "ತಗೋ. ನೂರು ಆಗ್ಲಿ. ನೂರಾ ಒಂದನೇದು ನಿಂದು."

ಆರು ತಿಂಗಳಿಗೆ ತಗೊಂಡೆ. ನಮ್ಮ ಇನ್ನೊಂದು ಕುದುರೆ, ಕಾರ್ಪೊರಲ್ ಎಂಬ ಎಳೆಯ, ಅವನನ್ನು ಪರೀಕ್ಷೆಯ ಓಟಗಳಲ್ಲಿ ಓಡಿಸಿ ತೋರಿಸಿದೆ. ಕಾಗದವನ್ನು ಉಲ್ರಿಕ್‌ನ ತಟ್ಟೆಯ ಪಕ್ಕ ಇಟ್ಟಾಗ ಅವನ ಹೆಂಡತಿ ನಕ್ಕು ನಕ್ಕು ಎದ್ದು ಹೋದಳು.

ಆದರೆ ಕಾಲ ನಮ್ಮ ಬೆನ್ನಿಗೇ ಬಿದ್ದಿತ್ತು. ಕುದುರೆಗಳಿಗೆಲ್ಲ ಜನವರಿ ಒಂದನೇ ತಾರೀಖೇ ಹುಟ್ಟುಹಬ್ಬ, ಹದಿನೈದಕ್ಕೆ ಕಾಲಿಟ್ಟ ಕುದುರೆ ಓಟಕ್ಕೆ ಇಳಿಯುವಂತಿಲ್ಲ. ಹದಿನಾಲ್ಕನೇ ವಯಸ್ಸಿನ ಅಕ್ಟೋಬರ್‌ಗೆ ತೊಂಬತ್ತೊಂಬತ್ತು ಆಯಿತು. ಆಮೇಲೆ ಎರಡನೇ ಸ್ಥಾನ, ಮತ್ತೆ ಎರಡನೇ ಸ್ಥಾನ, ಮೂರನೆಯದು, ಮತ್ತೆ ಎರಡನೆಯದು. ಕೊನೆಗೆ ಉಳಿದದ್ದು ಎರಡೇ ದಿನದ ಓಟ, ಡಿಸೆಂಬರ್ ಇಪ್ಪತ್ತಾರು ಮತ್ತು ಮೂವತ್ತೊಂದು. ಇಪ್ಪತ್ತಾರಕ್ಕೆ ಗೆದ್ದರೆ ನೂರು. ಮೂವತ್ತೊಂದು ನನ್ನದು.

ಇಪ್ಪತ್ತಾರರ ಮಧ್ಯಾಹ್ನ ಅರ್ಧ ದ್ವೀಪವೇ ಟ್ರ್ಯಾಕಿಗೆ ಬಂದಿತ್ತು. ಜನ ಕ್ರಿಸ್‌ಮಸ್‌ನ ಮಾಂಸದ ಪೈಗಳನ್ನು ಕಾಗದದಲ್ಲಿ ಸುತ್ತಿ ತಂದು ಬೇಲಿಗೆ ಒರಗಿ ತಿನ್ನುತ್ತಿದ್ದರು. ಓಟ ಶುರು ಮಾಡಿಸುವ, ಎರಡೂ ಬದಿಗೆ ರೆಕ್ಕೆಯಂಥ ಗೇಟು ಬಿಚ್ಚಿದ ಕಾರು ಮುಂದೆ ಹೊರಟಿತು, ಎಂಟು ಕುದುರೆಗಳು ಅದರ ಹಿಂದೆ ಸಾಲಾಗಿ. ಕಾರು ವೇಗ ಹೆಚ್ಚಿಸಿತು, ರೆಕ್ಕೆ ಮಡಚಿಕೊಂಡು ಪಕ್ಕಕ್ಕೆ ಸರಿಯಿತು, ಅಷ್ಟರಲ್ಲೇ ಎರಡನೇ ನಂಬರಿನ ಗಾಡಿಯ ಚಕ್ರ ಕಳಚಿತು. ಕೆಂಪು ದೀಪ! ಸೈರನ್! ವಾಪಸ್ ಬನ್ನಿ ಎಂದು ಕೂಗು! ಏಳು ಕುದುರೆಗಳು ನಿಂತವು.

ಫಿಡ್ಲರ್ ನಿಲ್ಲಲಿಲ್ಲ.

ಉಲ್ರಿಕ್ ಗಾಡಿಯಲ್ಲಿ ಹಿಂದಕ್ಕೆ ಮಲಗಿ ಲಗಾಮು ಎಳೆಯುತ್ತಿದ್ದ. "ನಿಲ್ಲೋ! ನಿಲ್ಲೋ ಮುಂಡೇದೇ!" ಎಂಬುದು ಬೇಲಿಯವರೆಗೂ ಕೇಳಿಸಿತು. ಎಳೆದಷ್ಟೂ ಫಿಡ್ಲರ್ ಹಾರಿದ. ಅವನ ಪ್ರಕಾರ ಎಡಕ್ಕೆ ತಿರುಗಿಸಿದ್ದಾರೆ, ಒಂದು ಮೈಲಿ ಓಡಲೇಬೇಕು. ಎರಡು ಸುತ್ತು. ಮೊದಲ ಸುತ್ತಿನಲ್ಲಿ ಜನ ನಗುತ್ತಿದ್ದರು. ಎರಡನೇ ಸುತ್ತಿಗೆ ಎದ್ದು ನಿಂತು ಕೂಗತೊಡಗಿದರು, ಯಾಕೆಂದರೆ ಎದುರಿಗೆ ಯಾರೂ ಇಲ್ಲದಿದ್ದರೂ ಹದಿನಾಲ್ಕು ವರ್ಷದ ಆ ಮುದುಕ ಆ ವರ್ಷದಲ್ಲೇ ತನ್ನ ಅತಿ ವೇಗದ ಓಟ ಓಡುತ್ತಿದ್ದ. ಒಬ್ಬನೇ ಗೆರೆ ದಾಟಿದ. ಆಮೇಲೆ ತಾನಾಗಿಯೇ ಬಲಕ್ಕೆ ತಿರುಗಿ, ಉಲ್ಟಾ ನಡೆದು ಬಂದು, ಜನರ ಮುಂದೆ ನಿಂತು ಕತ್ತು ಎತ್ತಿದ. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ.

ಮುಖ್ಯ ತೀರ್ಪುಗಾರ ಸ್ಟರ್ಲಿಂಗ್ ಮೆಕ್ಲೂರ್ ಮೇಲಿನ ಕೋಣೆಯಿಂದ ತಾನೇ ಇಳಿದು ಲಾಯಕ್ಕೆ ಬಂದ. ಆಲೂಗಡ್ಡೆ ಬೆಳೆಯುವವನು, ನಮ್ಮೂರಿನವನೇ. ಸ್ವಂತ ಮಗನನ್ನೂ ಎರಡು ಸಲ ಅನರ್ಹಗೊಳಿಸಿದ ಪುಣ್ಯಾತ್ಮ.

"ಒಡೀಲ್, ಅವನ್ನ ಈ ಓಟದಿಂದ ತೆಗ್ದಿದ್ದೀನಿ. ಒಂದು ಮೈಲಿ ಓಡಾಗಿದೆ ಅವನು."

"ಗೊತ್ತು. ಮೂವತ್ತೊಂದಕ್ಕೆ?"

ಅವನು ಟೋಪಿ ತೆಗೆದ. ಸ್ಟರ್ಲಿಂಗ್ ಟೋಪಿ ತೆಗೆದರೆ ಒಳ್ಳೆಯ ಸುದ್ದಿ ಇರುವುದಿಲ್ಲ. "ಹಿಡಿತ ತಪ್ಪಿದ ಕುದುರೆ ಮತ್ತೆ ಪರೀಕ್ಷೆ ಓಡಿ ತೋರಿಸ್ಬೇಕು. ಮುಂದಿನ ಪರೀಕ್ಷೆ ಜನವರಿ ಎಂಟಕ್ಕೆ."

"ಜನವರಿ ಎಂಟಕ್ಕೆ ಅವನಿಗೆ ಹದಿನೈದು!"

"ನಿಯಮ ನಾನು ಬರ್ದಿದ್ದಲ್ಲ ತಾಯಿ."

"ಓದೋದಾದ್ರೂ ಬಿಡಬಹುದಿತ್ತಲ್ಲ!" ಎಂದು ಉಲ್ರಿಕ್ ಬಕೆಟ್ಟಿಗೆ ಒದ್ದ. ಬಕೆಟ್ ಸ್ಟರ್ಲಿಂಗ್‌ನ ಕಾಲ ಬಳಿ ಉರುಳಿ ನಿಂತಿತು. ಅವನು ಅದನ್ನು ಎತ್ತಿ ನೆಟ್ಟಗಿಟ್ಟು ಹೋದ.

ಬೈದು ಏನು ಪ್ರಯೋಜನ? ತಿರುಗಿಸಿದರೆ ಓಡಲೇಬೇಕು ಎಂದು ಫಿಡ್ಲರ್‌ನ ತಲೆಗೆ ತುಂಬಿದವರು ನಾವೇ. ನಿಲ್ಲುವುದನ್ನು ಕಲಿಸಬೇಕೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಬಾಗಿಲ ಮೇಲೆ ತೊಂಬತ್ತೊಂಬತ್ತು ಗೀಟು ಹಾಗೇ ಉಳಿದವು. ಲೈಸೆನ್ಸನ್ನು ನಾನು ಸಕ್ಕರೆ ಡಬ್ಬಿಯ ಹಿಂದೆ ಸಿಕ್ಕಿಸಿದೆ. ಚಹಾ ಮಾಡುವಾಗಲೆಲ್ಲ ಅದರಲ್ಲಿನ ನನ್ನ ಫೋಟೋ ನನ್ನನ್ನೇ ನೋಡುತ್ತಿತ್ತು. ಸಿಟ್ಟಿಗೆ ಸಕ್ಕರೆ ಬಿಟ್ಟೆ.

ಫೆಬ್ರವರಿಯಲ್ಲಿ ಮಿಲ್ ನದಿ ಹೆಪ್ಪುಗಟ್ಟಿ ಗಟ್ಟಿಯಾಯಿತು. ಹಾಗಾದಾಗ ಒಂದು ಭಾನುವಾರ ಚರ್ಚು ಮುಗಿಸಿಕೊಂಡು ಎಲ್ಲರೂ ನದಿಗೆ ಇಳಿಯುವುದು ನಮ್ಮ ಅಜ್ಜಂದಿರ ಕಾಲದ ರೂಢಿ. ಮಂಜುಗಡ್ಡೆಯ ಮೇಲೆ ಎಳೆಯ ಸ್ಪ್ರೂಸ್ ಗಿಡಗಳನ್ನು ಕಡಿದು ಎರಡು ಸಾಲು ನೆಡುತ್ತಾರೆ, ಅರ್ಧ ಮೈಲಿ ಉದ್ದ, ನೆಟ್ಟಗೆ. ಕುದುರೆಗೆ ಮೊಳೆಯ ಲಾಳ ಕಟ್ಟಿ, ಸೇತುವೆಯ ಕಡೆಯಿಂದ ಮೇಲಕ್ಕೆ ನಿಧಾನ ಹೋಗಿ, ತುದಿಯಲ್ಲಿ ತಿರುಗಿಸಿ, ವಾಪಸ್ಸು ಸೇತುವೆಯ ಕಡೆಗೆ ಓಡಿಸುವುದು. ವಯಸ್ಸು ಕೇಳುವವರಿಲ್ಲ, ಕಾಗದ ಕೇಳುವವರಿಲ್ಲ. ಒಂದೇ ಎಚ್ಚರಿಕೆ, ಸೇತುವೆಯ ಕೆಳಗೆ ನೀರಿನ ಸೆಳೆತ ಹೆಚ್ಚು, ಅಲ್ಲಿ ಮಂಜು ತೆಳು. ಗುರಿಯ ಗೆರೆಗೂ ಸೇತುವೆಗೂ ನಡುವೆ ಮುನ್ನೂರು ಗಜ ಬಿಟ್ಟಿರುತ್ತಾರೆ. ಅಷ್ಟರಲ್ಲಿ ನಿಲ್ಲಿಸಬೇಕು. ಗುರಿಯಲ್ಲಿ ಬಾವುಟ ಹಿಡಿಯುವವನು ಅಲ್ಲೂ ಸ್ಟರ್ಲಿಂಗೇ. ಬೇರೆ ಯಾರು ಹಿಡಿದರೂ ಜಗಳ ಆಗುತ್ತದೆ.

ಉಲ್ರಿಕ್ ಕಾರ್ಪೊರಲ್‌ನನ್ನು ಓಡಿಸಲು ತಂದಿದ್ದ. ಫಿಡ್ಲರ್‌ನನ್ನು ನಾನು ಗಾಡಿಗೆ ಕಟ್ಟಿ ತಂದದ್ದು ಎಳೆಯನಿಗೆ ಜೊತೆಗಿರಲಿ ಎಂದು.

"ಮೇಲಿನ ತನಕ ಬಾ. ತುದೀಲಿ ಇಳಿದು, ಅವನ ಬಾಯಿ ಹಿಡ್ಕೊಂಡು, ದಡದ ಪಕ್ಕ ನಡೆಸ್ಕೊಂಡು ವಾಪಸ್ ಬಾ. ಕೂತ್ಕೊಂಡು ಮಾತ್ರ ತಿರುಗಿಸ್ಬೇಡ. ಕೇಳಿಸ್ತಾ?" ಎಂದ ಉಲ್ರಿಕ್.

"ಕೇಳಿಸ್ತು. ಕಿವಿಗೇನೂ ಸಂಧಿವಾತ ಬಂದಿಲ್ಲ."

ಅರ್ಧ ಮೈಲಿ ಮೇಲಕ್ಕೆ ಹೋದೆವು. ಫಿಡ್ಲರ್ ಎಂದಿನಂತೆ ಕಿವಿ ಜೋಲು ಬಿಟ್ಟುಕೊಂಡು, ಗಿಡ ಎಣಿಸುತ್ತ ನಡೆದ. ತುದಿಯಲ್ಲಿ ಕಾರ್ಪೊರಲ್ ಮತ್ತು ಇನ್ನೂ ಮೂರು ಕುದುರೆಗಳು ಗುಂಪಾಗಿ ತಿರುಗತೊಡಗಿದವು. ನಾನು ಇಳಿಯಲು ಒಂದು ಕಾಲು ಕೆಳಗಿಟ್ಟೆ. ಆಗ ಫಿಡ್ಲರ್ ಕತ್ತು ತಿರುಗಿಸಿ ನನ್ನನ್ನು ನೋಡಿದ. ಏನು ಹೇಳಿದನೋ ನಾನು ಹೇಳಲಾರೆ, ಕುದುರೆ ಮಾತಾಡುವುದಿಲ್ಲ. ಆದರೆ ಆ ಕಾಲನ್ನು ನಾನು ಮೇಲೆತ್ತಿಕೊಂಡೆ.

ಎಡಗೈ ಲಗಾಮು ಎಳೆದೆ. ತಿರುಗಿಸಿದೆ.

ಅಯ್ಯೋ ದೇವರೇ! ಹನ್ನೆರಡು ವರ್ಷ ನನ್ನ ಮುಂದೆ ನಡೆದಿದ್ದ ಬೆನ್ನು ಇದಾಗಿರಲಿಲ್ಲ. ಬೆನ್ನು ತಗ್ಗಾಯಿತು, ಕಿವಿ ಹಿಂದಕ್ಕೆ ಅಂಟಿದವು, ತೋಳು ಕೀಲಿನಿಂದ ಕಿತ್ತು ಬರುತ್ತದೆಂದುಕೊಂಡೆ. ಗಾಳಿಗೆ ಕಣ್ಣೀರು ಬಂದು ಕೆನ್ನೆಯ ಮೇಲೇ ಹೆಪ್ಪುಗಟ್ಟಿತು. ಮೊಳೆಯ ಲಾಳ ಚಿಮ್ಮಿಸಿದ ಮಂಜಿನ ಚೂರು ಬಾಯಿಗೆ ಬಿತ್ತು, ಉಗುಳಲೂ ಹೊತ್ತಿಲ್ಲ. ಎರಡೂ ಕಡೆ ಗಿಡಗಳು ಒಂದೇ ಹಸಿರು ಗೋಡೆಯಾದವು. ಇದನ್ನೇ ಉಲ್ರಿಕ್ ಇಷ್ಟು ವರ್ಷ ಒಬ್ಬನೇ ತಿಂದನಲ್ಲ, ಪಾಪಿ!

ಮೊದಲ ಕುದುರೆಯನ್ನು ದಾಟಿದೆ. ಎರಡನೆಯದನ್ನು ದಾಟಿದೆ. ಮೂರನೆಯದರ ಯಜಮಾನ "ಏ, ಇವಳ್ಯಾರು!" ಎಂದದ್ದು ಹಿಂದೆಲ್ಲೋ ಉಳಿಯಿತು. ಮುಂದೆ ಕಾರ್ಪೊರಲ್, ಅವನ ಹಿಂದೆ ಗಾಡಿಯಲ್ಲಿ ನನ್ನ ತಮ್ಮನ ಅಗಲ ಬೆನ್ನು. ಹೊರಬದಿಯಿಂದ ಪಕ್ಕಕ್ಕೆ ಬಂದೆ. ಉಲ್ರಿಕ್ ತಿರುಗಿ ನೋಡಿದ. ಅವನ ಆ ಮುಖ ಚಿತ್ರ ಬರೆಸಿ ಗೋಡೆಗೆ ತೂಗು ಹಾಕುವಂತಿತ್ತು.

"ಒಡೀಲ್! ಇಳಿ ಅಂದಿದ್ದೆ!"

"ಎಲ್ಲಿ ಇಳೀಲೋ ಈಗ!"

"ಎಳಿ, ಎಳಿ ಅವನ್ನ!"

"ನೀನು ನಿಂದನ್ನ ಓಡ್ಸೋ!"

ಅವನೂ ಕಾರ್ಪೊರಲ್‌ಗೆ ಕೂಗು ಹಾಕಿದ, ಓಟ ಎಂದರೆ ಅವನಿಗೂ ತಡೆಯಲಾಗುವುದಿಲ್ಲ. ನಾಲ್ಕು ವರ್ಷದ ಎಳೆಯ, ಹದಿನೈದರ ಮುದುಕ, ಮೂತಿಗೆ ಮೂತಿ. ನಾನು ಚಾಟಿ ತಂದಿರಲಿಲ್ಲ. ಆ ಮೊದಲ ಚಳಿಗಾಲದಲ್ಲಿ ಮಾಡುತ್ತಿದ್ದಂತೆ ಅವನ ಹೆಜ್ಜೆಗೆ ನಾಲಿಗೆಯಲ್ಲಿ ಟಕ್ಕು ಟಕ್ಕು ಎಂದೆ. ಒಂದು ಕಿವಿ ನನ್ನ ಕಡೆಗೆ ತಿರುಗಿತು. ಆಮೇಲೆ ಅವನು ಕತ್ತು ಚಾಚಿದ. ಸ್ಟರ್ಲಿಂಗ್‌ನ ಬಾವುಟ ಕೆಳಗಿಳಿದಾಗ ಕಾರ್ಪೊರಲ್‌ನ ಮೂತಿ ನನ್ನ ಚಕ್ರದ ಪಕ್ಕದಲ್ಲಿತ್ತು.

ಗೆದ್ದೆ! ಜನ ಟೋಪಿ ಎಸೆದರು, ಕಾರುಗಳ ಹಾರ್ನ್ ಎಲ್ಲ ಒಟ್ಟಿಗೆ ಕೂಗಿದವು. ನಾನೂ ಕೂಗಲು ಬಾಯಿ ತೆರೆದೆ. ಆಗ ತಿಳಿಯಿತು, ಫಿಡ್ಲರ್ ಓಡುತ್ತಲೇ ಇದ್ದಾನೆ. ಅವನ ಲೆಕ್ಕದಲ್ಲಿ ಓಟ ಒಂದು ಮೈಲಿ. ನಾವು ಓಡಿದ್ದು ಅರ್ಧ.

ಮುಂದೆ ಸೇತುವೆ. ಹಿಂದಿನಿಂದ ಉಲ್ರಿಕ್‌ನ ದನಿ ಒಡೆದು ಬಂತು, "ಎಳಿ ಅಕ್ಕಾ, ಎಳಿ!" ನಲವತ್ತು ವರ್ಷಗಳಿಂದ ಅವನು ನನ್ನನ್ನು ಅಕ್ಕಾ ಎಂದಿರಲಿಲ್ಲ. ಎಳೆದೆ. ಎಳೆದಷ್ಟೂ ಫಿಡ್ಲರ್ ಹಾರಿದ, ಡಿಸೆಂಬರಿನ ಹಾಗೆಯೇ. ಇನ್ನೂರು ಗಜ. ಮಂಜಿನ ಬಣ್ಣ ಬಿಳಿಯಿಂದ ಬೂದಿಗೆ ತಿರುಗುತ್ತಿತ್ತು. ಹೆದರಿದೆ. ನನಗಾಗಿ ಅಲ್ಲ, ಆಣೆಯಿಟ್ಟು ಹೇಳುತ್ತೇನೆ, ಅವನಿಗಾಗಿ. ನನ್ನ ಒಂದು ಆಸೆಗೆ ಇವನನ್ನು ನೀರಿಗೆ ಹಾಕುತ್ತಿದ್ದೇನಲ್ಲ ಎಂದು.

ಆಮೇಲೆ ನಾನು ಎಳೆಯುವುದನ್ನೇ ಬಿಟ್ಟೆ. ಎಳೆದು ನಿಲ್ಲಿಸುವುದು ಉಲ್ರಿಕ್‌ನ ಕೆಲಸ, ನನಗೆ ಬಾರದ್ದು. ನನಗೆ ಬರುತ್ತಿದ್ದದ್ದು ಒಂದೇ. ಎಡ ಲಗಾಮು ಸಡಿಲ ಬಿಟ್ಟು, ಬಲಕ್ಕೆ, ನಿಧಾನವಾಗಿ, ಅಗಲ ಸುತ್ತು ತೆಗೆದೆ. ದಿನಾ ಹೇಳುವಂತೆ ಹೇಳಿದೆ, "ಮನೆಗೆ ಹೋಗೋಣ ಬಾರೋ ರಾಜ."

ಗಾಡಿಯ ಒಂದು ಚಕ್ರ ಮೇಲೆದ್ದು ಬಿತ್ತು. ಅಡಿಯಲ್ಲಿ ಮಂಜು ಟಣ್ ಎಂದು ಸದ್ದು ಮಾಡಿತು. ಅರ್ಧ ತಿರುಗಿದ. ಪೂರ್ತಿ ತಿರುಗಿದ. ಸೇತುವೆ ಬೆನ್ನಿಗೆ ಬಂದದ್ದೇ ತಡ, ಕಿವಿಗಳು ಜೋತುಬಿದ್ದವು, ಬೆನ್ನು ಸಡಿಲವಾಯಿತು, ನನ್ನ ಹಸು ವಾಪಸ್ಸು ಬಂತು. ಗಿಡ ನೋಡುತ್ತ, ಮೂಗಿನಿಂದ ಹೊಗೆ ಬಿಡುತ್ತ, ಜನರ ಕಡೆಗೆ ಉಲ್ಟಾ ನಡೆದ.

ಉಲ್ರಿಕ್ ಕಾರ್ಪೊರಲ್‌ನನ್ನು ಯಾರ ಕೈಗೋ ಕೊಟ್ಟು ಮಂಜಿನ ಮೇಲೆ ಜಾರುತ್ತ ಬೀಳುತ್ತ ಓಡಿ ಬಂದ. ಬೈಯುತ್ತಾನೆಂದುಕೊಂಡೆ. ಅವನು ಫಿಡ್ಲರ್‌ನ ಕತ್ತಿಗೆ ಹಣೆ ಒತ್ತಿ ನಿಂತ.

"ಬಲಕ್ಕೆ ತಿರುಗಿಸಿದ್ರೆ ಸಾಕಿತ್ತಾ?" ಎಂದ. "ಅವತ್ತು ನಾನು ಬಲಕ್ಕೆ ತಿರುಗಿಸಿದ್ರೆ..."

"ನಿಂಗೆ ಹೇಗೆ ಗೊತ್ತಾಗ್ಬೇಕು? ನೀನು ಯಾವತ್ತು ಉಲ್ಟಾ ಹೋಗಿದ್ದೆ?"

ಸ್ಟರ್ಲಿಂಗ್ ಬಾವುಟ ಸುತ್ತಿಕೊಂಡು ಬಂದ. ಗೆದ್ದ ಕುದುರೆಯ ಹೆಸರು ಕೂಗುವುದು ಅವನ ಕೆಲಸ, ಎಲ್ಲ ಕಡೆ ಕುದುರೆಯ ಹೆಸರನ್ನೇ ಕೂಗುವುದು. ಅವನು ಜನರ ಕಡೆ ತಿರುಗಿ, ಟೋಪಿ ತೆಗೆದು, "ಗೆದ್ದದ್ದು ಒಡೀಲ್ ಶಿಯಾಸನ್!" ಎಂದು ಕೂಗಿದ. ಆಮೇಲೆ ನನಗಷ್ಟೇ ಕೇಳುವಂತೆ, "ಇದು ದಾಖಲೆ ಪುಸ್ತಕಕ್ಕೆ ಹೋಗಲ್ಲ ಕಣಮ್ಮ" ಎಂದ.

"ನಮ್ಮನೇಲಿ ಬಾಗ್ಲಿದೆ" ಎಂದೆ.

ಆ ಸಂಜೆ ನೂರನೇ ಗೀಟನ್ನು ನಾನೇ ಎಳೆದೆ, ಕೈಗೆ ಸಿಕ್ಕ ಕೆಂಪು ಬಣ್ಣದಲ್ಲಿ. ಉಲ್ರಿಕ್ ಡಬ್ಬಿ ಹಿಡಿದುಕೊಂಡು ನಿಂತಿದ್ದ. ಉದ್ದ ಜಾಸ್ತಿಯಾಯಿತು ಎಂದು ಕಣ್ಣಲ್ಲೇ ಅಳೆದು, ಡಬ್ಬಿಯನ್ನು ಇನ್ನಷ್ಟು ಹತ್ತಿರ ಚಾಚಿದ.

ಮರುದಿನ ಬೆಳಗ್ಗೆ ಲಾಯಕ್ಕೆ ಹೋದರೆ ಅವನು ನನಗಿಂತ ಮೊದಲೇ ಬಂದು ಕಾರ್ಪೊರಲ್‌ನನ್ನು ಗಾಡಿಗೆ ಕಟ್ಟಿದ್ದ. ಲಗಾಮು ನನ್ನ ಕಡೆ ಚಾಚಲಿಲ್ಲ. ತಾನೇ ಹತ್ತಿ ಕೂತು, ಮೀಸೆಯೊಳಗೆ ಗೊಣಗಿದ.

"ಇವನ್ನ ಇನ್ಮೇಲೆ ತಿರುಗ್ಸೋಳು ನೀನು. ಐದು ಮೈಲಿ ನಾನು ಹೋಗ್ಬರ್ತೀನಿ. ಯಾವ ಕಡೆ ಹೋಗ್ಬೇಕು?"

ಕೈಯೆತ್ತಿ ಉಲ್ಟಾ ದಿಕ್ಕು ತೋರಿಸಿದೆ. ಅವನು ಹೋದ. ಫಿಡ್ಲರ್ ಬಾಗಿಲಿನಿಂದ ಉದ್ದ ಮೂತಿ ಹೊರಗೆ ಹಾಕಿ ನೋಡಿದ. ನಾನು ಬೇಲಿಗೆ ಒರಗಿ, ಸಕ್ಕರೆ ಹಾಕಿದ ಚಹಾ ಕುಡಿಯುತ್ತ, ಕುದುರೆ ಬಾಯಿ ನೋಯುವಂತೆ ಎಳೀಬೇಡವೋ ಎಂದು ಐದು ಮೈಲಿಯೂ ಕೂಗುತ್ತಲೇ ಇದ್ದೆ.